ನಕ್ಷತ್ರ ಹಾಕಿದ ಅಂಕಿ

ಮೈಸೂರು

ಚಿ. ಕು. ಸಿಂಧೂಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೊರಗೆ ನೋಡದೆ ಬರೀ ಉಪಕರಣ ನೋಡಿ ವಿಮಾನ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಶುರುವಾಗಿದೆ, ಎನ್‌ರೂಟ್ ಚಾರ್ಟ್, ಅಂದರೆ ವಿಮಾನದ ದಾರಿಗಳ ನಕ್ಷೆ, ಬಿಚ್ಚಿದರೆ ತಲೆ ಗಿರ್ರನೆ ತಿರುಗುತ್ತೆ ಅಂತ ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ತಿರುಗಲೇಬೇಕು ಬಿಡು. ಅದರಲ್ಲಿ ಬೆಟ್ಟದ ಬಣ್ಣವಿಲ್ಲ, ರಸ್ತೆ ಇಲ್ಲ, ರೈಲು ಹಳಿ ಇಲ್ಲ. ಬರೀ ಗೆರೆ, ಬರೀ ಅಂಕಿ. ಬೆಟ್ಟ ಆ ಅಂಕಿಯೊಳಗೆ ಕೂತಿರುತ್ತೆ.

ನೀನಿರುವುದು ಅರಿಜೋನಾದಲ್ಲಿ. ಫ್ಲಾಗ್‌ಸ್ಟಾಫ್ ರನ್‌ವೇನೇ ಸುಮಾರು 7,000 ಅಡಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಅದರ ಉತ್ತರಕ್ಕೆ ಹಂಫ್ರೀಸ್ ಶಿಖರ, 12,633 ಅಡಿ. ಅಲ್ಲಿ ಅಂಕಿಯನ್ನು ಸುಮ್ನೆ ಓದಿದರೆ ಸಾಲದು. ಜಾಮೀನು ನಿಂತವನನ್ನು ಕೇಳುವ ಹಾಗೆ ಕೇಳಬೇಕು: ನೀನು ಯಾವುದಕ್ಕೆ ಜಾಮೀನು, ಎಲ್ಲಿಯವರೆಗೆ?

ನನಗೆ ಇದು ತಿಳಿದದ್ದು ಪೆಟ್ಟು ತಿಂದ ಮೇಲೆ. ಏರ್‌ವೇ, ಅಂದರೆ ಆಕಾಶದ ದಾರಿಯ, ಗೆರೆಯ ಪಕ್ಕ ಎರಡು ಅಂಕಿ ಇರುತ್ತವಲ್ಲ, ಮೇಲಿನದು ಎಂಇಎ, ಆ ದಾರಿಯಲ್ಲಿ ಹಾರುವ ಕನಿಷ್ಠ ಎತ್ತರ; ಕೆಳಗೆ ನಕ್ಷತ್ರ ಹಾಕಿದ್ದು ಮೋಕಾ, ಬೆಟ್ಟಗುಡ್ಡ ತಗಲದ ಕನಿಷ್ಠ ಎತ್ತರ. ಟ್ರೈನಿಂಗಿನಲ್ಲಿದ್ದಾಗ ಒಂದು ದಿನ ಮೇಲೆ ಎದುರುಗಾಳಿ ಜಾಸ್ತಿ ಇತ್ತು. ನಕ್ಷತ್ರದ ಅಂಕಿ ಸಾವಿರ ಅಡಿ ಕಮ್ಮಿ. ಗುಡ್ಡ ತಗಲಲ್ಲ ತಾನೇ, ಅಲ್ಲೇ ಹೋಗೋಣ ಅಂದೆ. ಆಕಾಶ ನಿಚ್ಚಳವಾಗಿತ್ತು, ಹೊರಗೆ ಕಾಣದ ಹಾಗೆ ಕಣ್ಣಿಗೆ ಹುಡ್ ಹಾಕಿಕೊಂಡಿದ್ದವನು ನಾನೊಬ್ಬನೇ. ಇನ್‌ಸ್ಟ್ರಕ್ಟರ್ ತುಟಿ ಬಿಚ್ಚಲಿಲ್ಲ. ದಾರಿ ತೋರಿಸುವ ನೆಲದ ರೇಡಿಯೋ ಕೇಂದ್ರವಾದ ವಿಓಆರ್‌ನಿಂದ ಮೂವತ್ತು ಮೈಲಿ ದಾಟಿ ಸ್ವಲ್ಪ ಹೊತ್ತಿಗೆ ಅದರ ಸೂಜಿ ಅಲ್ಲಾಡಿತು, ಆಮೇಲೆ ಸಿಗ್ನಲ್ ಇಲ್ಲ ಅನ್ನುವ ಕೆಂಪು ಫ್ಲ್ಯಾಗ್ ಬಿತ್ತು. "ಈಗ ಏರ್‌ವೇ ಎಲ್ಲಿದೆ ತೋರಿಸು" ಅಂದರು. ನನ್ನ ಬಾಯಿ ಕಟ್ಟಿತು.

ಎಂಇಎ ಎರಡಕ್ಕೂ ಜಾಮೀನು: ಬೆಟ್ಟವೂ ತಗಲದು, ಸಿಗ್ನಲ್ಲೂ ಸಿಗುತ್ತೆ. ಮೋಕಾ ಬೆಟ್ಟಕ್ಕೆ ಮಾತ್ರ ಕೊನೆವರೆಗೂ ನಿಲ್ಲುತ್ತೆ. ಸಿಗ್ನಲ್‌ಗೆ ಅದರ ಮಾತು ವಿಓಆರ್‌ನಿಂದ 22 ನಾಟಿಕಲ್ ಮೈಲಿವರೆಗೆ ಅಷ್ಟೇ. ಸಿಗ್ನಲ್ ಹೋದರೆ ಗೆರೆ ಹೋಯಿತು. ಗೆರೆ ಹೋದ ಮೇಲೆ ಬೆಟ್ಟದ ಜಾಮೀನು ಎಲ್ಲಿಂದ ಬರಬೇಕು ಹೇಳು? ಅದು ಆ ಗೆರೆಯ ಅಕ್ಕಪಕ್ಕದ ನಾಲ್ಕಾರು ಮೈಲಿಗೆ ಕೊಟ್ಟ ಮಾತು.

ಈಗ ಜಿಪಿಎಸ್ ಇದೆಯಲ್ಲ ಮಾವ ಅಂತೀಯ. ಇದೆ. ಅದಕ್ಕೆ ಅಂತಲೇ ಕೊನೆಗೆ ಜಿ ಅಕ್ಷರ ಹಾಕಿದ ಬೇರೆ ಎಂಇಎ ಇರುತ್ತೆ. ಅದನ್ನು ನೋಡು, ನಿನ್ನದೇ ಲೆಕ್ಕ ಹಾಕಬೇಡ.

ಇನ್ನೊಂದು, ಫಿಕ್ಸ್ (ದಾರಿಯ ಮೇಲೆ ಗುರುತಿಸಿದ ಬಿಂದು) ಹತ್ತಿರ ಎಕ್ಸ್ ಬರೆದ ಪುಟ್ಟ ಬಾವುಟ. ಮುಂದಿನ ತುಂಡಿನ ಎಂಇಎ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಫಿಕ್ಸ್ ದಾಟಿದ ಮೇಲೆ ಏರಲು ಶುರು ಮಾಡಿದರೆ ಸಾಕು. ಬಾವುಟ ಇದ್ದರೆ ಆ ಆಟ ನಡೆಯಲ್ಲ. ಫಿಕ್ಸ್ ತಲೆ ಮೇಲೆ ಬರುವಷ್ಟರಲ್ಲಿ ಅಲ್ಲಿ ಬರೆದ ಎತ್ತರದಲ್ಲಿರಬೇಕು. ಬೇಸಿಗೆ ಮಧ್ಯಾಹ್ನ ಅರಿಜೋನಾದ ಸೆಕೆಯಲ್ಲಿ ನಿಮ್ಮ ಸೆಸ್ನಾ ಹೇಗೆ ತೆವಳುತ್ತೆ ಅಂತ ನಿನಗೇ ಗೊತ್ತು. ಹತ್ತು ಮೈಲಿ ಹಿಂದಿನಿಂದಲೇ ಏರಲು ಶುರು ಮಾಡು.

ನಕ್ಷೆಯ ಚೌಕದೊಳಗಿನ ದೊಡ್ಡ ಅಂಕಿ, ಓರೋಕಾ, ಏರ್‌ವೇ ಬಿಟ್ಟು ಹೋದಾಗ ಅಡ್ಡಿ ತಗಲದ ಎತ್ತರ. ಬಯಲಲ್ಲಿ ಅಡ್ಡಿಗಿಂತ 1,000 ಅಡಿ ಮೇಲೆ, ಬೆಟ್ಟದ ಸೀಮೆಯಲ್ಲಿ 2,000. ರೇಡಿಯೋಗೂ ರೇಡಾರ್‌ಗೂ ಅದು ಜವಾಬ್ದಾರಿಯಲ್ಲ. ಗೆರೆಯ ಮೇಲೆ ಪೆಟ್ಟಿಗೆಯೊಳಗೆ ಬರೆದ ಮೈಲಿ ಒಟ್ಟು ದೂರ, ಅದನ್ನೂ ಬಿಡಿ ತುಂಡುಗಳ ಮೈಲಿಯನ್ನೂ ಕೂಡಿಸಿ ಪೆಟ್ರೋಲ್ ಲೆಕ್ಕ ಹಾಕಿದ ಮಹಾನುಭಾವರಿದ್ದಾರೆ. (ಯಾರು ಅಂತ ಕೇಳಬೇಡ.) ಚಾರ್ಟ್‌ನ ತಾರೀಖೂ ನೋಡು, ಅಲ್ಲಿ 56 ದಿನಕ್ಕೊಮ್ಮೆ ಹೊಸದು ಬರುತ್ತೆ.

ಟ್ಯಾಬ್ ಬಗ್ಗೆ ನನ್ನದೊಂದು ತಕರಾರು. ಬೆರಳಲ್ಲಿ ಹಿಗ್ಗಿಸಿದರೆ ಅಂಕಿ ದೊಡ್ಡದಾಗುತ್ತೆ, ಆದರೆ ಪಕ್ಕದ ಬಾವುಟ ಸ್ಕ್ರೀನ್‌ನಿಂದ ಆಚೆ ಹೋಗುತ್ತೆ. ಹಿಂದಿನ ರಾತ್ರಿ ಪೂರ್ತಿ ದಾರಿಯನ್ನು ಕಾಗದದ ಮೇಲೆ ಒಮ್ಮೆ ಬೆರಳಿಟ್ಟು ನೋಡು. ಹಳೇ ಕಾಲದವನ ಹಟ ಅಂದುಕೋ, ಪರವಾಗಿಲ್ಲ.

ಉದ್ದದ ಕ್ರಾಸ್‌ಕಂಟ್ರಿ ಹಾರಾಟಕ್ಕೆ ಯಾವ ರೂಟ್ ಕೊಟ್ಟಿದ್ದಾರೆ, ಬರೆದು ಕಳಿಸು. ನಾನೂ ಇಲ್ಲಿ ಕೂತು ನೋಡುತ್ತೇನೆ. ಎಷ್ಟು ಕಡೆ ನಕ್ಷತ್ರ ಸಿಕ್ಕಿತು ಅಂತ ಇಬ್ಬರೂ ಎಣಿಸಿ ತಾಳೆ ನೋಡೋಣ. ನಿಮ್ಮಮ್ಮ ಕಳಿಸಿದ ಸಾರಿನ ಪುಡಿ ತಲುಪಿತಾ?

ಇಂತಿ,
ನಿನ್ನ ಮಾವ