ಲಂಡನ್ನಿನ ತಟ್ಟೆ, ಅಮೆರಿಕದ ತಟ್ಟೆ

ಲಂಡನ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಐ ಫೀಲ್ ಫೈನ್’ ಹಾಡು ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ತಯಾರಾದ ನಿಮ್ಮ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬಗೆಯಾಗಿಯೂ, ನಿಮ್ಮ ಸ್ನೇಹಿತರು ಅಮೆರಿಕದಿಂದ ತಂದ ತಟ್ಟೆಯಲ್ಲಿ ಇನ್ನೊಂದು ಬಗೆಯಾಗಿಯೂ ಕೇಳಿಸುವುದೇಕೆ ಎಂದು ಕೇಳಿದ್ದಿರಿ. ನಿಮ್ಮ ಕಿವಿ ಸರಿಯಾಗಿಯೇ ಗುರುತಿಸಿದೆ. ಹಾಡಿದವರು, ನುಡಿಸಿದವರು, ಧ್ವನಿಮುದ್ರಣ ಎಲ್ಲವೂ ಒಂದೇ. ಆದರೆ 1964ರಲ್ಲಿ ಲಂಡನ್ನಿನಿಂದ ಹೋದ ಟೇಪಿಗೆ ಅಮೆರಿಕದ ಕ್ಯಾಪಿಟಲ್ ಎಂಬ ತಟ್ಟೆ ಕಂಪನಿಯ ಡೇವ್ ಡೆಕ್ಸ್ಟರ್ ಎಂಬ ಅಧಿಕಾರಿ ಧಾರಾಳವಾಗಿ ಪ್ರತಿಧ್ವನಿಯನ್ನು ಬೆರೆಸಿದರು. ನನ್ನ ಮಟ್ಟಿಗೆ ಅದು ಹಾಡಿಗೆ ಮಾಡಿದ ಅಪಚಾರ. ಆಂಪ್ಲಿಫೈಯರಿನಿಂದ ಬೇಕೆಂದೇ ಹೊರಡಿಸಿದ ಆರಂಭದ ಆ ಗುಂಯ್‌ಗುಡುವ ನಾದ ಮುಗಿದ ಮೇಲೆ ಗಿಟಾರಿನ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಬೇಕು. ಅಮೆರಿಕದ ತಟ್ಟೆಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ.

ಹಾಗೆಂದು ಅಮೆರಿಕದ ನಾದವೆಂದರೆ ಬರೀ ಪ್ರತಿಧ್ವನಿ ಎಂದು ತಿಳಿಯಬಾರದು. ಅಲ್ಲಿ ಊರಿಗೊಂದು ನಾದವಿತ್ತು. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಮೋಟೌನ್ ಕಂಪನಿಯ ಸ್ಟುಡಿಯೋ ಒಂದು ಸಾಧಾರಣ ವಾಸದ ಮನೆಯಲ್ಲಿತ್ತು. ವಾದ್ಯಗಾರರೆಲ್ಲ ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಕೂತು ನುಡಿಸುತ್ತಿದ್ದರು. ಗಿಟಾರುಗಳನ್ನೂ ಮಂದ್ರದ ಸ್ವರ ನುಡಿಸುವ ಬೇಸ್ ಗಿಟಾರನ್ನೂ ಮೈಕ್ ಇಡದೆ ನೇರವಾಗಿ ಧ್ವನಿಮುದ್ರಣದ ಯಂತ್ರಕ್ಕೇ ಜೋಡಿಸುತ್ತಿದ್ದುದರಿಂದ ಅಲ್ಲಿನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಮಂದ್ರದ ಓಡಾಟ ಹಾಡಿನ ಉದ್ದಕ್ಕೂ ಸ್ಪಷ್ಟವಾಗಿ, ದುಂಡಗೆ ಕೇಳುತ್ತದೆ. ಪ್ರತಿಧ್ವನಿ ಬೇಕಾದಾಗ ಅದನ್ನು ಅಟ್ಟದ ಖಾಲಿ ಜಾಗದಿಂದ ಪಡೆಯುತ್ತಿದ್ದರು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಇದ್ದದ್ದು ಹಳೆಯ ಚಿತ್ರಮಂದಿರವೊಂದರಲ್ಲಿ. ಅದರ ಇಳಿಜಾರು ನೆಲವನ್ನು ಹಾಗೆಯೇ ಉಳಿಸಿಕೊಂಡಿದ್ದರು.

ಲಂಡನ್ನಿನಲ್ಲಿ ಬೀಟಲ್ಸ್ ತಂಡದ ತಟ್ಟೆಗಳನ್ನು ಹೊರತರುತ್ತಿದ್ದ ಇ.ಎಂ.ಐ. ಕಂಪನಿಯ ಆಬಿ ರೋಡ್ ಸ್ಟುಡಿಯೋ ಇದಕ್ಕೆ ತೀರ ಬೇರೆ. 1931ರಲ್ಲಿ ಇಂಗ್ಲಿಷ್ ಸಂಗೀತ ರಚನಕಾರ ಎಲ್ಗರ್ ಅವರ ವಾದ್ಯವೃಂದ ನಿರ್ದೇಶನದೊಂದಿಗೆ ಉದ್ಘಾಟನೆಗೊಂಡ ಆ ಸ್ಟುಡಿಯೋ ಶಾಸ್ತ್ರೀಯ ಸಂಗೀತದ ಶಿಸ್ತನ್ನು ಜನಪ್ರಿಯ ಹಾಡುಗಳಿಗೂ ಅನ್ವಯಿಸಿತು. ಅಲ್ಲಿನ ತಂತ್ರಜ್ಞರು ಬಿಳಿ ಕೋಟು ತೊಡುತ್ತಿದ್ದರು. ಮೈಕನ್ನು ವಾದ್ಯದಿಂದ ಎಷ್ಟು ದೂರ ಇಡಬೇಕೆಂಬುದಕ್ಕೂ ನಿಯಮವಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ತಟ್ಟೆಯ ಮೇಲೆ ಗೀರು ಕೊರೆಯುವ ಹಂತ. ಮಂದ್ರದ ಸ್ವರ ಜೋರಾದಷ್ಟೂ ಗೀರು ಅಗಲವಾಗಿ ಓಲಾಡುತ್ತದೆ; ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಎಗರೀತು ಎಂಬ ಭಯದಿಂದ ಇ.ಎಂ.ಐ. ಆ ಸ್ವರಗಳನ್ನು ತಗ್ಗಿಸಿಯೇ ಕೊರೆಸುತ್ತಿತ್ತು. ಆ ಕಾಲದ ಇಂಗ್ಲಿಷ್ ತಟ್ಟೆಗಳಲ್ಲಿ ಕಂಠ ಮತ್ತು ಗಿಟಾರು ನಿಚ್ಚಳವಾಗಿ ಮುಂದೆ ನಿಂತು, ಮಂದ್ರ ಮಾತ್ರ ತೆಳ್ಳಗೆ ಕೇಳಲು ಇದು ದೊಡ್ಡ ಕಾರಣ. ಇಲ್ಲಿನ ಕರೆಂಟಿನ ವೋಲ್ಟೇಜೇ ಕಾರಣವೆಂದು ವಾದಿಸುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ.

ಟೇಪಿನ ವ್ಯತ್ಯಾಸವೂ ಸಣ್ಣದಲ್ಲ. ನ್ಯೂಯಾರ್ಕಿನ ಅಟ್ಲಾಂಟಿಕ್ ಕಂಪನಿಯಲ್ಲಿ ಧ್ವನಿಮುದ್ರಣ ತಂತ್ರಜ್ಞ ಟಾಮ್ ಡೌಡ್ ಅವರು 1950ರ ದಶಕದ ಕೊನೆಗೇ ಎಂಟು ಟ್ರ್ಯಾಕಿನ, ಅಂದರೆ ಒಂದೇ ಟೇಪಿನಲ್ಲಿ ಎಂಟು ಧ್ವನಿಪಟ್ಟಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಯಂತ್ರ ಬಳಸುತ್ತಿದ್ದರೆ, ಬೀಟಲ್ಸ್ ತಂಡ 1968ರವರೆಗೂ ಆಬಿ ರೋಡಿನಲ್ಲಿ ನಾಲ್ಕೇ ಟ್ರ್ಯಾಕುಗಳಲ್ಲಿ ಕೆಲಸ ಸಾಗಿಸಬೇಕಾಯಿತು. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಟೇಪಿನ ಒಂದೆರಡು ಟ್ರ್ಯಾಕಿಗೆ ಇಳಿಸುತ್ತಿದ್ದರು. ಹಾಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್ ಸದ್ದು ಸ್ವಲ್ಪ ಏರುತ್ತದೆ, ವಾದ್ಯಗಳು ಒತ್ತಾಗಿ ಒಂದಾಗುತ್ತವೆ. ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸಲು ಅಂದು ದಾರಿಯಿರಲಿಲ್ಲ. ಆ ಒತ್ತನ್ನು ನಾನು ದೋಷವೆನ್ನಲಾರೆ. ಮುಂದೇನು ಬರುತ್ತದೆಂದು ಮೊದಲೇ ತೀರ್ಮಾನಿಸಿಕೊಂಡು ಮುದ್ರಿಸಿದವರ ಧೈರ್ಯ ಅದರಲ್ಲಿ ಕೇಳುತ್ತದೆ.

ಬೀಟಲ್ಸ್ ತಂಡದವರು ಅಮೆರಿಕದ ಮಂದ್ರಕ್ಕೆ ಮನಸೋತವರು. 1966ರಲ್ಲಿ ಮೆಂಫಿಸ್‌ಗೇ ಹೋಗಿ ಧ್ವನಿಮುದ್ರಿಸುವ ಯೋಚನೆಯಿತ್ತು, ಅದು ಕೈಗೂಡಲಿಲ್ಲ. ಅದೇ ವರ್ಷ ಆಬಿ ರೋಡಿನಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಮುದ್ರಿಸುವಾಗ, ಇಪ್ಪತ್ತರ ಹರೆಯದ ತಂತ್ರಜ್ಞ ಜೆಫ್ ಎಮೆರಿಕ್ ಮಂದ್ರವನ್ನು ಚೆನ್ನಾಗಿ ಹಿಡಿಯಲೆಂದು ಬೇಸ್ ಆಂಪ್ಲಿಫೈಯರಿನ ಎದುರು ಒಂದು ಸ್ಪೀಕರನ್ನೇ ಮೈಕಿನಂತೆ ಬಳಸಿದರು. ಬಿಡುವಾದಾಗ ಆ ಹಾಡನ್ನು 1963ರ ಅವರ ಯಾವುದಾದರೂ ಹಾಡಿನ ಪಕ್ಕದಲ್ಲಿಟ್ಟು, ಪ್ಲೇಯರಿನ ಟ್ರೆಬಲ್ (ತಾರಸ್ವರದ) ತಿರುಪನ್ನು ಮುಟ್ಟದೆ, ಬೇಸ್ ಗಿಟಾರನ್ನಷ್ಟೇ ಹಿಂಬಾಲಿಸಿ ಕೇಳಿ. ನಿಮಗೇನು ಕೇಳಿಸಿತೆಂದು ವಿವರವಾಗಿ ಬರೆಯಿರಿ. ಚಿಕ್ಕಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ನಿಮ್ಮ ಆಶೀರ್ವಾದ ಬೇಡುವ
ಮಗ