ಮುಷ್ಕರ ಸೋತರೂ ಖುಷಿ ಕೊಡುವ ಸಿನಿಮಾ

ಗೆಳೆಯಾ,

ಖುಷಿ ಕೊಡುವ ಸಿನಿಮಾ ಎಲ್ಲಾ ಬರೀ ಸುಳ್ಳು ಅಂತ ಮೊನ್ನೆ ಫೋನಿನಲ್ಲಿ ಕೂಗಾಡಿದೆಯಲ್ಲ, ಅದಕ್ಕೇ ಈ ಪತ್ರ. 2014ರಲ್ಲಿ ಬಂದ ‘ಪ್ರೈಡ್’ ನೋಡು. ಬ್ರಿಟನ್ನಿನಲ್ಲಿ ನಿಜವಾಗಿ ನಡೆದ ಕಥೆ. ಗಣಿ ಕಾರ್ಮಿಕರ ಮುಷ್ಕರ ಸೋಲುತ್ತದೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೂ ನೋಡಿ ಎದ್ದಾಗ ಮನಸ್ಸು ಹಗುರವಾಗಿತ್ತು ಮಾರಾಯ.

1984ರ ಮಾರ್ಚ್. ಪ್ರಧಾನಿ ಥ್ಯಾಚರ್ ಸರ್ಕಾರ ಕಲ್ಲಿದ್ದಲು ಗಣಿಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರು ಕೆಲಸ ನಿಲ್ಲಿಸಿದರು. ಲಂಡನ್ನಿನ ಮಾರ್ಕ್ ಆಷ್ಟನ್ ಎಂಬ ಗೇ ಹುಡುಗನಿಗೆ ಆಗ ಹೊಳೆದದ್ದು ಇಷ್ಟೇ: ಪೊಲೀಸರು, ಪತ್ರಿಕೆಗಳು, ಸರ್ಕಾರ, ನಮ್ಮನ್ನು ಕಾಡುವವರೇ ಅವರನ್ನೂ ಕಾಡುತ್ತಿದ್ದಾರೆ. ಗೆಳೆಯರನ್ನು ಕಟ್ಟಿಕೊಂಡು, ಬಕೆಟ್ ಹಿಡಿದು ಗಣಿ ಕಾರ್ಮಿಕರಿಗಾಗಿ ಚಂದಾ ಎತ್ತತೊಡಗಿದ. ಆದರೆ ಗೇಗಳು, ಲೆಸ್ಬಿಯನ್ನರು ಕೊಡುವ ದುಡ್ಡು ಯಾರಿಗೆ ಬೇಕು? ಸಿನಿಮಾದಲ್ಲಿ ಅವರ ಸಂಘದ ಹೆಸರು ಕೇಳುತ್ತಲೇ ಯೂನಿಯನ್ ಕಚೇರಿಯವರು ಫೋನ್ ಇಟ್ಟುಬಿಡುತ್ತಾರೆ. ಕೊನೆಗೆ ವೇಲ್ಸಿನ ಡುಲೈಸ್ ಕಣಿವೆಯ ಜನ ಹ್ಞೂಂ ಅನ್ನುತ್ತಾರೆ. ಅದೂ ಸರಿಯಾಗಿ ಕೇಳಿಸಿಕೊಳ್ಳದೆ!

ನನಗೆ ಜಾಸ್ತಿ ಹಿಡಿಸಿದ್ದು ಒಂದು ಸಣ್ಣ ದೃಶ್ಯ. ಬಿಲ್ ನೈಯ್, ಇಮೆಲ್ಡಾ ಸ್ಟಾಂಟನ್ ಪಕ್ಕಪಕ್ಕ ನಿಂತು ಸ್ಯಾಂಡ್‌ವಿಚ್ ಮಾಡುತ್ತಿರುತ್ತಾರೆ. ವಯಸ್ಸಾದ ಆ ಮನುಷ್ಯ, ತಲೆ ಎತ್ತದೆ, ತಾನೂ ಗೇ ಅನ್ನುತ್ತಾನೆ. ಅವಳು ಗೊತ್ತು ಅನ್ನುತ್ತಾಳೆ. ಅಷ್ಟೇ. ಅಳು ಇಲ್ಲ, ಅಪ್ಪುಗೆ ಇಲ್ಲ, ಬೆಣ್ಣೆ ಹಚ್ಚುವ ಕೆಲಸ ನಡೆದೇ ಇರುತ್ತದೆ. ನಮ್ಮವರಾಗಿದ್ದರೆ ಇಲ್ಲಿ ಹತ್ತು ಪಿಟೀಲು ಕುಯ್ಯಿಸುತ್ತಿದ್ದರು.

ತಕರಾರೂ ಇದೆ. ಆಷ್ಟನ್ ಪಕ್ಕಾ ಕಮ್ಯುನಿಸ್ಟ್, ಯಂಗ್ ಕಮ್ಯುನಿಸ್ಟ್ ಲೀಗಿನ ಮುಂದಾಳು. ಸಿನಿಮಾ ಅದನ್ನು ಹೇಳಿಯೂ ಹೇಳದಂತೆ ದಾಟಿಸಿಬಿಡುತ್ತದೆ. ಊರಿನ ಅಸಹನೆಯನ್ನೆಲ್ಲ ಒಬ್ಬ ಹೆಂಗಸಿನ ತಲೆಗೇ ಕಟ್ಟಿದ್ದಾರೆ. ಅಷ್ಟು ಸುಲಭ ಇರುತ್ತದಾ ಎಲ್ಲಾದರೂ?

ಆದರೆ ಇದು ದಾನದ ಕಥೆ ಅಲ್ಲ ನೋಡು, ಅಲ್ಲೇ ಇದು ಗೆಲ್ಲುವುದು. 1984ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ಯಾಮ್ಡೆನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಚಂದಾಕ್ಕೆಂದು ಸಂಗೀತ ಕಾರ್ಯಕ್ರಮ ಇಟ್ಟರು. ಬ್ರಾನ್ಸ್ಕಿ ಬೀಟ್ ಎಂಬ ಬ್ಯಾಂಡಿನವರು ಹಾಡಿದರು. ಡುಲೈಸಿನಿಂದ ಬಂದ ಡೇವಿಡ್ ಡೊನೊವನ್ ವೇದಿಕೆ ಹತ್ತಿ, ನೀವು ನಮ್ಮ ಬ್ಯಾಡ್ಜ್ ಹಾಕಿಕೊಂಡಿರಿ, ಇನ್ನು ನಿಮ್ಮದನ್ನು ನಾವು ಹಾಕಿಕೊಳ್ಳುತ್ತೇವೆ ಎಂಬ ಅರ್ಥದ ಮಾತಾಡಿದರು. ಸುಮ್ನೆ ಚಪ್ಪಾಳೆಗೆ ಹೇಳಿದ್ದಲ್ಲ. 1985ರ ಮಾರ್ಚ್‌ನಲ್ಲಿ ಸೋತು ಕೆಲಸಕ್ಕೆ ಮರಳಿದ ಅದೇ ಜನ ಜೂನ್‌ನಲ್ಲಿ ಬ್ಯಾನರ್ ಹಿಡಿದು ಲಂಡನ್ನಿನಲ್ಲಿ ಸಲಿಂಗಿಗಳು ನಡೆಸುವ ಪ್ರೈಡ್ ಮೆರವಣಿಗೆಗೆ ಬಂದರು. ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಹಕ್ಕಿನ ನಿರ್ಣಯಕ್ಕೆ ಗಣಿ ಕಾರ್ಮಿಕರ ಯೂನಿಯನ್ ತನ್ನ ಓಟುಗಳನ್ನೆಲ್ಲ ಹಾಕಿತು. ನಿರ್ಣಯ ಪಾಸಾಯಿತು. ಮುಷ್ಕರದ ಅಡುಗೆ, ರೇಷನ್ ಅಂತ ಓಡಾಡಿದ್ದ ಗಣಿ ಕಾರ್ಮಿಕನ ಹೆಂಡತಿ ಶಾನ್ ಜೇಮ್ಸ್ 2005ರಲ್ಲಿ ಸಂಸದೆಯಾದರು. ಆಷ್ಟನ್ ಮಾತ್ರ 1987ರಲ್ಲೇ ಏಡ್ಸ್‌ನಿಂದ ತೀರಿಕೊಂಡ. ಬರೀ 26 ವರ್ಷ.

ಇದರಲ್ಲಿ ಸುಳ್ಳು ಎಲ್ಲಿದೆ ಹೇಳು. ಸಬ್‌ಟೈಟಲ್ ಹಾಕಿಕೊಂಡೇ ನೋಡು, ವೇಲ್ಸಿನವರ ಇಂಗ್ಲಿಷ್ ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ನೋಡಿ ಮುಗಿಸಿ ಆಮೇಲೆ ಜಗಳಕ್ಕೆ ಬಾ.

ನಿನ್ನವನು