ಅಮ್ಮನ ಕೀಪ್ಯಾಡ್ ಫೋನಿಗೆ ನೆಟ್ ಯಾಕ್ರೀ ಬೇಕು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೇಲಿ ಹೊಸ ಫೋನು, ಫೈವ್‌ಜಿ, ಎಐ ಅಂತ ಆಗಾಗ ಲೇಖನ ಬರ್ತಾ ಇರುತ್ತೆ, ಓದ್ತೀನಿ, ಉಪಯೋಗಾನೂ ಆಗಿದೆ. ಆದ್ರೆ ಇನ್ನೂ ಕೀಪ್ಯಾಡ್ ಫೋನ್ ಇಟ್ಕೊಂಡಿರೋರ ಕಷ್ಟ ಎಲ್ಲೂ ಬರಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮಮ್ಮ ಇರೋದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳೀಲಿ, ನಾನು ಬೆಂಗಳೂರಲ್ಲಿ. ಅಮ್ಮನ ಹತ್ರ ಇರೋದು ಗುಂಡಿ ಒತ್ತೋ ಫೋನು. ಹಸಿರು ಗುಂಡಿ ಒತ್ತಿದ್ರೆ ಮಾತು, ಕೆಂಪು ಒತ್ತಿದ್ರೆ ಕಟ್, ಅಷ್ಟು ಗೊತ್ತು, ಅಷ್ಟೇ ಸಾಕು ಅವರಿಗೆ. ಟಚ್ ಫೋನ್ ಕೊಡಿಸ್ತೀನಿ ಅಂತ ಎರಡು ಸಲ ಹೇಳಿದೆ, ಕೈ ತೇವ ಇರುತ್ತೆ ಮಗಾ, ಕಣ್ಣೂ ಕಾಣಲ್ಲ, ಬೇಡ ಅಂದ್ರು, ನಾನೂ ಬಲವಂತ ಮಾಡಲಿಲ್ಲ. ಹೋದ ಗೌರಿ ಹಬ್ಬದ ಹಿಂದಿನ ದಿನ ಬಾಗಿನದ ವಿಷಯ ಕೇಳೋಣ ಅಂತ ಫೋನ್ ಮಾಡಿದ್ರೆ "ಈ ಸಂಖ್ಯೆಗೆ ಒಳಬರುವ ಕರೆ ಸೌಲಭ್ಯ ಇಲ್ಲ" ಅಂತ ಬಂತು, ಮತ್ತೆ ಮಾಡಿದೆ ಅದೇ, ರಾತ್ರಿ ಮಾಡಿದೆ ಅದೇ. ಗಾಬರಿ ಆಗಿ ಪಕ್ಕದ ಮನೆ ಹುಡುಗಂಗೆ ಫೋನ್ ಮಾಡಿ ಅಮ್ಮನ ಕೈಗೆ ಕೊಡಿಸಿದ್ರೆ ಅಮ್ಮ ಅಂದಿದ್ದು ಇಷ್ಟು: "ಮೂರು ದಿನದಿಂದ ಯಾರದ್ದೂ ಫೋನೇ ಬರ್ಲಿಲ್ಲ, ಎಲ್ರೂ ಹಬ್ಬದ ಕೆಲಸದಲ್ಲಿ ಇದೀರೇನೋ ಅನ್ಕೊಂಡೆ." ಆಗಿದ್ದು ಏನಂದ್ರೆ ರೀಚಾರ್ಜ್ ಮುಗಿದು ಮೊದಲು ಔಟ್‌ಗೋಯಿಂಗ್ ನಿಂತಿದೆ, ಅವರಾಗೇ ಯಾರಿಗೂ ಮಾಡೋದು ಕಡಿಮೆ ಆದ್ದರಿಂದ ಗೊತ್ತಾಗಿಲ್ಲ, ಆಮೇಲೆ ಇನ್‌ಕಮಿಂಗೂ ನಿಂತಿದೆ. ಮುಗಿಯುತ್ತೆ ಅಂತ ಮೆಸೇಜು ಬಂದಿತ್ತು, ನಾನು ಊರಿಗೆ ಹೋದಾಗ ನೋಡಿದೆ, ನಾಲ್ಕು ಮೆಸೇಜು, ನಾಲ್ಕೂ ಇಂಗ್ಲಿಷಲ್ಲಿ. ಅಮ್ಮ ಕನ್ನಡ ಪೇಪರ್ ಓದ್ತಾರೆ, ಇಂಗ್ಲಿಷ್ ಬರಲ್ಲ.

ಆ ನಂಬರ್ ನಮ್ಮಪ್ಪಂದು. ಲೈಫ್‌ಟೈಮ್ ಇನ್‌ಕಮಿಂಗ್ ಅಂತ ಬಂದಿತ್ತಲ್ಲ, 2005ರ ಡಿಸೆಂಬರ್‌ನಲ್ಲಿ ಶುರುವಾಯ್ತು ಅದು, ಒಂದು ಸಲ 999 ರೂಪಾಯಿ ಕಟ್ಟಿಬಿಟ್ರೆ ಜೀವನಪೂರ್ತಿ ಕಾಲ್ ಬರುತ್ತೆ ಅಂತ. ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ ಹಾಕಿಸಿದ್ರು. ಈಗ ಅಪ್ಪ ಇಲ್ಲ, ನಂಬರ್ ಇದೆ, ಅಮ್ಮನ ಹೆಸರಿಗೆ ಮಾಡಿಸಿದೀವಿ. ಕೊಬ್ಬರಿ ಮಂಡಿ ಪುಸ್ತಕದಲ್ಲಿ ಅದೇ ನಂಬರ್, ನೆಂಟರ ಮನೆ ಗೋಡೆ ಮೇಲೆ ಪೆನ್ಸಿಲ್ಲಲ್ಲಿ ಬರೆದಿರೋದೂ ಅದೇ ನಂಬರ್. ಅದಕ್ಕಿಂತ ಹೆಚ್ಚಾಗಿ ಬ್ಯಾಂಕ್ ಖಾತೆ, ಆಧಾರ್, ಗ್ಯಾಸ್ ಬುಕಿಂಗು ಎಲ್ಲಾ ಅದಕ್ಕೇ ಲಿಂಕ್ ಆಗಿದೆ, ಗೃಹಲಕ್ಷ್ಮಿ 2000 ರೂಪಾಯಿ ಬಂತಾ ಇಲ್ವಾ ಅಂತ ಬ್ಯಾಂಕಿನ ಮೆಸೇಜು ಬರೋದೂ ಅದಕ್ಕೇ. ಹಾಗಾಗಿ "ಬೇಡ ಅಂದ್ರೆ ಸಿಮ್ ಬಿಟ್ಬಿಡಿ" ಅನ್ನೋ ಮಾತು ನಡೆಯಲ್ಲ. ಬಿಟ್ಟ ನಂಬರ್ ಕಟ್ ಆಗಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ) ಹೇಳಿದೆ, ಬ್ಯಾಂಕಿಗೆ ಲಿಂಕ್ ಆಗಿರೋ ನಂಬರ್ ಇನ್ಯಾರದ್ದೋ ಕೈಗೆ ಹೋದ್ರೆ ಓಟಿಪಿ ಎಲ್ಲಿಗೆ ಹೋಗುತ್ತೆ ನೀವೇ ಯೋಚನೆ ಮಾಡಿ.

ಮುಂಚೆ ಹೀಗಿರ್ಲಿಲ್ಲ. ಮೊಬೈಲ್ ಬಂದ ಹೊಸದ್ರಲ್ಲಿ ಬಂದ ಕಾಲ್‌ಗೂ ದುಡ್ಡು ಕೊಡಬೇಕಿತ್ತು, 2003ರಲ್ಲಿ ಅದು ಹೋಯ್ತು, ಕಾಲ್ ಮಾಡಿದೋರು ಕೊಡೋದು, ಎತ್ತಿದೋರಿಗೆ ಫ್ರೀ ಅಂತ ಆಯ್ತು. ಹಳ್ಳಿಗಳಲ್ಲಿ ಮೊಬೈಲ್ ಹರಡಿದ್ದೇ ಅದರಿಂದ ಅಂತ ನನ್ನ ಅನಿಸಿಕೆ. ಹತ್ತು ರೂಪಾಯಿ ಕಾರ್ಡ್ ತಂದು ಕಾಸಿನಿಂದ ಉಜ್ಜಿ ನಂಬರ್ ಒತ್ತಿ ಕರೆನ್ಸಿ ಹಾಕ್ಕೊಂಡ್ರೆ ತಿಂಗಳುಗಟ್ಟಲೆ ಇರೋದು, ಮಿಸ್ ಕಾಲ್ ಕೊಟ್ರೆ ಪೇಟೇಲಿರೋ ಮಕ್ಕಳು ವಾಪಸ್ ಮಾಡೋರು. ಆಮೇಲೆ 2018ರ ಕೊನೇಲಿ ಕನಿಷ್ಠ ರೀಚಾರ್ಜ್ ಅಂತ ತಂದ್ರು, 28 ದಿನಕ್ಕೆ 35 ರೂಪಾಯಿ, ಹಾಕಿಸದಿದ್ರೆ ಕಾಲ್ ಬರಲ್ಲ. ಅಲ್ಲಿಗೆ ಬಂದ ಕಾಲ್ ಎತ್ತೋದಕ್ಕೂ ಮತ್ತೆ ದುಡ್ಡು ಅಂತಲೇ ಆಯ್ತಲ್ವಾ, ಹೆಸರು ಬೇರೆ ಅಷ್ಟೇ. ಆ 35 ಏರ್ತಾ ಏರ್ತಾ 2021ರಲ್ಲಿ 79 ಆಯ್ತು, ಅದೇ ವರ್ಷ 99 ಆಯ್ತು, ಆಮೇಲೆ 155, 2024ರ ಜುಲೈನಲ್ಲಿ ಎಲ್ಲಾ ಖಾಸಗಿ ಕಂಪನಿಗಳೂ ಒಂದೇ ವಾರದಲ್ಲಿ ರೇಟ್ ಏರಿಸಿದ ಮೇಲೆ 199. ಕಂಪನಿಯಿಂದ ಕಂಪನಿಗೆ ಹತ್ತು ರೂಪಾಯಿ ಆ ಕಡೆ ಈ ಕಡೆ ಇರಬಹುದು. 155ರಿಂದ ಅನ್‌ಲಿಮಿಟೆಡ್ ಕಾಲ್ ಕೊಟ್ಟಿದಾರೆ ಅನ್ನೋದು ನಿಜ, ಒಪ್ತೀನಿ, ದಿನಕ್ಕೆ ಗಂಟೆಗಟ್ಟಲೆ ಮಾತಾಡೋರಿಗೆ ಲಾಭಾನೇ. ಆದ್ರೆ ದಿನಕ್ಕೆ ಎರಡು ಕಾಲ್ ಎತ್ತೋ ನಮ್ಮಮ್ಮನಂಥೋರಿಗೆ ಅದು ಬೇಕಾಗಿರ್ಲಿಲ್ಲ, ಜೊತೆಗೆ ಕೊಡೋ 2 ಜಿಬಿ ನೆಟ್ಟಂತೂ ಅವರ ಫೋನಲ್ಲಿ ಓಡೋದೇ ಇಲ್ಲ.

28 ದಿನದ ಲೆಕ್ಕ ಇನ್ನೊಂದು. ತಿಂಗಳಿಗೊಂದು ರೀಚಾರ್ಜ್ ಅಂತ ನಾವು ಅನ್ಕೋತೀವಿ, ವರ್ಷಕ್ಕೆ ಹದಿಮೂರು ಆಗುತ್ತೆ, 28 ಇಂಟು 13 ಅಂದ್ರೆ 364. 199ರ ಹಾಗೆ ಹದಿಮೂರು ಸಲಕ್ಕೆ 2587 ರೂಪಾಯಿ. ಸಂಬಳ ತಿಂಗಳಿಗೆ ಒಂದು ಸಲ ಬರುತ್ತೆ, ಗೃಹಲಕ್ಷ್ಮಿ ದುಡ್ಡೂ ತಿಂಗಳ ಲೆಕ್ಕಾನೇ, ರೀಚಾರ್ಜ್ ಮಾತ್ರ ಪ್ರತಿ ಸಲ ಎರಡು ಮೂರು ದಿನ ಹಿಂದಕ್ಕೆ ಜರುಗ್ತಾ ಹೋಗುತ್ತೆ, ವಯಸ್ಸಾದೋರು ತಾರೀಖು ಎಲ್ಲಿ ನೆನಪಿಟ್ಕೋಬೇಕು. ಇದರ ಬಗ್ಗೆ ಜನ ದೂರು ಕೊಟ್ಟು ಕೊಟ್ಟು 2022ರ ಜನವರೀಲಿ ಟ್ರಾಯ್ ಆದೇಶ ಮಾಡ್ತು, ಪ್ರತಿ ಕಂಪನೀನೂ 30 ದಿನದ್ದು ಕನಿಷ್ಠ ಒಂದು, ಪ್ರತಿ ತಿಂಗಳು ಅದೇ ತಾರೀಖಿಗೆ ರಿನ್ಯೂ ಆಗೋದು ಕನಿಷ್ಠ ಒಂದು ಇಡಲೇಬೇಕು ಅಂತ. ಇಟ್ಟಿದಾರೆ. ನಮ್ಮೂರ ರೀಚಾರ್ಜ್ ಅಂಗಡಿ ಹುಡುಗಂಗೆ ಕೇಳಿದೆ, ಅವನಿಗೆ ಅದು ಗೊತ್ತೇ ಇರ್ಲಿಲ್ಲ.

ನೆಟ್ ವಿಷಯಕ್ಕೆ ಬರ್ತೀನಿ. 2024ರ ಡಿಸೆಂಬರ್ 23ಕ್ಕೆ ಟ್ರಾಯ್ ಇನ್ನೊಂದು ನಿಯಮ ಮಾಡ್ತು, ಇದು ನಿಜವಾಗ್ಲೂ ಒಳ್ಳೇದು. ನೆಟ್ ಇಲ್ದೆ ಬರೀ ಕಾಲ್ ಮತ್ತು ಎಸ್ಎಂಎಸ್ ಮಾತ್ರ ಇರೋ ಪ್ಯಾಕ್ ಕನಿಷ್ಠ ಒಂದಾದ್ರೂ ಎಲ್ಲಾ ಕಂಪನಿಗಳೂ ಕೊಡಬೇಕು, ಇಂಥ ವೋಚರ್‌ಗಳ ವ್ಯಾಲಿಡಿಟಿ ಮೊದಲು ಹೆಚ್ಚಂದ್ರೆ 90 ದಿನ ಇತ್ತು, ಅದನ್ನ 365 ದಿನಕ್ಕೆ ಏರಿಸ್ತು. ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ ಹಳೇ ಫೋನ್ ಬಳಸ್ತಿದಾರೆ, ಮನೇಲಿ ವೈಫೈ ಇರೋ ವಯಸ್ಸಾದೋರಿಗೆ ಸಿಮ್ಮಲ್ಲಿ ನೆಟ್ ಬೇಡ, ಎರಡು ಸಿಮ್ ಇರೋರಿಗೆ ಎರಡನೇದಕ್ಕೆ ನೆಟ್ ಬೇಡ, ಇವರೆಲ್ಲ ಬಳಸದೆ ಇರೋದಕ್ಕೆ ಯಾಕೆ ದುಡ್ಡು ಕೊಡಬೇಕು ಅಂತ ಟ್ರಾಯೇ ಕಾರಣ ಕೊಟ್ಟಿದೆ. ಕಂಪನಿಗಳು ಬೇಡ ಅಂದಿದ್ವು, ಹೀಗೆ ಮಾಡಿದ್ರೆ ಜನ ಇಂಟರ್ನೆಟ್‌ಗೆ ಬರೋದೇ ಇಲ್ಲ, ಹಿಂದೆ ಉಳೀತಾರೆ ಅನ್ನೋದು ಅವರ ವಾದ. ನಮ್ಮಮ್ಮ ಇಂಟರ್ನೆಟ್‌ಗೆ ಬರದೆ ಇರೋದು ಪ್ಯಾಕ್ ಇಲ್ಲ ಅಂತಲ್ಲ, ಎರಡು ವರ್ಷದಿಂದ ಪ್ರತಿ ರೀಚಾರ್ಜಲ್ಲೂ ನೆಟ್ ಬಂದೇ ಬಂದಿದೆ, ಒಂದು ಎಂಬಿನೂ ಖರ್ಚಾಗಿಲ್ಲ.

2025ರ ಜನವರೀಲಿ ಪ್ಯಾಕ್‌ಗಳು ಬಂದ್ವು. ಏರ್‌ಟೆಲ್‌ನೋರು ಮೊದಲು 84 ದಿನಕ್ಕೆ 499, ವರ್ಷಕ್ಕೆ 1959 ಅಂತ ಇಟ್ಟು, ರೇಟ್ ಪರಿಶೀಲನೆ ಮಾಡ್ತೀವಿ ಅಂತ ಟ್ರಾಯ್ ಹೇಳಿದ ಮೇಲೆ ಕೆಲವೇ ದಿನದಲ್ಲಿ 469 ಮತ್ತು 1849ಕ್ಕೆ ಇಳಿಸಿದ್ರು. ಜಿಯೋದು 84 ದಿನಕ್ಕೆ 448, 336 ದಿನಕ್ಕೆ 1748 ಆಯ್ತು. ನಾನು ಕೂತು ಲೆಕ್ಕ ಹಾಕಿದೆ. ತಿಂಗಳು ತಿಂಗಳು 199 ಹಾಕಿಸೋರು ವರ್ಷಕ್ಕೆ 2587 ಕೊಡ್ತಾರೆ, ಒಂದೇ ಸಲ 1849 ಕೊಡೋರು 738 ರೂಪಾಯಿ ಉಳಿಸ್ತಾರೆ. ಒಂದೇ ಸಲಕ್ಕೆ 1849 ತೆಗೆದಿಡೋಕೆ ಆಗೋದು ಯಾರಿಗೆ? ನನ್ನ ಥರ ಸಂಬಳ ಇರೋ ಮಗಳು ಬೆಂಗಳೂರಲ್ಲಿ ಇರೋರಿಗೆ. ಕೂಲಿಗೆ ಹೋಗೋರು, ಒಬ್ಬರೇ ಇರೋ ಮುದುಕಿಯರು 28 ದಿನದ್ದನ್ನೇ ಹಾಕಿಸ್ತಾರೆ, ಅಂದ್ರೆ ಕೈಯಲ್ಲಿ ದುಡ್ಡು ಕಡಿಮೆ ಇದ್ದೋರೇ ಜಾಸ್ತಿ ಕೊಡೋದು. ನಿಯಮದಲ್ಲಿ "ಕನಿಷ್ಠ ಒಂದು ಪ್ಯಾಕ್" ಅಂತ ಇದೆ ವಿನಃ ತಿಂಗಳಿನ ಪ್ಯಾಕ್ ಇರಲೇಬೇಕು ಅಂತ ಇಲ್ಲ, ಅದಕ್ಕೇ 84 ದಿನದ್ದು ವರ್ಷದ್ದು ಇಟ್ಟು ಮುಗಿಸಿದ್ರು. ನನ್ನ ಸಿಟ್ಟು ಇರೋದು ಇದರ ಮೇಲೆ. ಜಿಯೋಭಾರತ್ ಫೋನಿಗೆ 28 ದಿನಕ್ಕೆ 123 ರೂಪಾಯಿ ಪ್ಯಾಕ್ ಕೊಡ್ತಾರಲ್ಲ, ಅಂದ್ರೆ ಕಡಿಮೆಗೆ ಕೊಡೋಕೆ ಆಗುತ್ತೆ ಅಂತಾಯ್ತು, ಅವರದೇ ಫೋನ್ ಕೊಂಡ್ರೆ ಮಾತ್ರ ಅಷ್ಟೇ. ಇರೋ ಫೋನು ಚೆನ್ನಾಗೇ ಇರೋವಾಗ ಇನ್ನೊಂದು ಯಾಕೆ ಕೊಳ್ಳಬೇಕು.

ಇನ್ನು ಅಂಗಡೀಲಿ ಆಗೋದು. ಹಬ್ಬ ಆದ್ಮೇಲೆ ನಾನೇ ಅಮ್ಮನ ಜೊತೆ ಹೋಗಿ ನೆಟ್ ಇಲ್ದಿರೋ ಪ್ಯಾಕ್ ಹಾಕಪ್ಪ ಅಂದೆ. ಆ ಹುಡುಗ ಒಳ್ಳೆಯವನೇ, ಅವನ ಫೋನ್ ತಿರುಗಿಸಿ ನನಗೇ ತೋರಿಸ್ದ, ಮೊದಲಿಗೆ ಬರೋದೆಲ್ಲ ದಿನಕ್ಕೆ ಒಂದೂವರೆ ಜಿಬಿ ಎರಡು ಜಿಬಿ, ಸಿನಿಮಾ ಕ್ರಿಕೆಟ್ ಫ್ರೀ ಅನ್ನೋವೇ. ಕೆಳಗೆ ಎಳೆದು ಎಳೆದು ಕೊನೇಲಿ ಒಂದು ಕಡೆ ಸಿಕ್ತು. ನಾನು ಓದಿ ತಿಳ್ಕೊಂಡು ಹೋಗಿದ್ದಕ್ಕೆ ಹುಡುಕಿದೆ, ಇಲ್ಲಾಂದ್ರೆ ಅಮ್ಮ ಎಂದಿನ ಹಾಗೆ "ಕರೆನ್ಸಿ ಹಾಕಪ್ಪ" ಅಂದಿರೋರು, ಅವನು ಎಂದಿನ ಹಾಗೆ 199 ಹಾಕಿರೋನು. ಅವನದೇನೂ ತಪ್ಪಿಲ್ಲ, ಸಾಲಲ್ಲಿ ಇನ್ನೂ ಆರು ಜನ ನಿಂತಿದ್ರು.

ಈ ಮಧ್ಯೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಓಡಾಡ್ತಿದೆ, 20 ರೂಪಾಯಿ ಇದ್ರೆ ಸಿಮ್ ತಿಂಗಳುಗಟ್ಟಲೆ ನಡೆಯುತ್ತೆ, ಟ್ರಾಯ್ ಹೊಸ ರೂಲ್ಸ್ ಅಂತ. ನಿಮ್ಮ ಓದುಗರು ನಂಬಿ ಮೋಸ ಹೋಗಬಾರ್ದು ಅಂತ ಹೇಳ್ತೀನಿ, ಅದು ಹೊಸದಲ್ಲ, 2013ರದ್ದು. ಬಳಸದೆ ಬಿಟ್ಟ ನಂಬರನ್ನ 90 ದಿನದ ಒಳಗೆ ಕಿತ್ಕೊಳ್ಳೋ ಹಾಗಿಲ್ಲ, ಆಮೇಲೂ ಮೇನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ರೆ ಅದನ್ನ ಹಿಡ್ಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು ಅನ್ನೋದು ಅದರ ಸಾರ. ನಂಬರ್ ಉಳಿಯೋದು ಬೇರೆ, ಕಾಲ್ ಬರೋದು ಬೇರೆ. ಹಾಗೇ ಇನ್ನೊಂದು, ಕಂಪನಿ ಬದಲಾಯಿಸೋಕೆ 1900ಕ್ಕೆ ಪೋರ್ಟ್ ಮೆಸೇಜು ಕಳಿಸೋದಕ್ಕೆ ನಿಮ್ಮ ಪ್ಯಾಕಲ್ಲಿ ಎಸ್ಎಂಎಸ್ ಇಲ್ಲ ಅಂತ ತಡೆಯೋ ಹಾಗಿಲ್ಲ, 2021ರ ಡಿಸೆಂಬರ್‌ನಲ್ಲೇ ಟ್ರಾಯ್ ಹೇಳಿದೆ. ಇದು ಅಂಗಡಿಯೋರಿಗೂ ಸುಮಾರು ಜನಕ್ಕೆ ಗೊತ್ತಿಲ್ಲ.

ಟವರ್ ನಡೆಸೋಕೆ ಖರ್ಚಿದೆ, ಫೈವ್‌ಜಿಗೆ ಸಾವಿರಾರು ಕೋಟಿ ಹಾಕಿದಾರೆ, ಎಲ್ಲಾ ಪುಕ್ಕಟೆ ಕೊಡಿ ಅಂತ ನಾನು ಕೇಳ್ತಾ ಇಲ್ಲ. ನಮ್ಮಮ್ಮನೂ ಯಾವತ್ತೂ ಪುಕ್ಕಟೆ ಕೇಳಿದೋರಲ್ಲ, ಬಸ್ಸು ಫ್ರೀ ಆದ ಹೊಸದ್ರಲ್ಲಿ ಕಂಡಕ್ಟರ್‌ಗೆ ದುಡ್ಡು ಕೊಡೋಕೆ ಹೋಗಿದ್ರು. ಆದ್ರೆ ಎಷ್ಟು ಬಳಸ್ತೀವೋ ಅಷ್ಟಕ್ಕೆ ಕೊಡೋ ಹಾಗಿರಬೇಕು. ಟ್ರಾಯ್ ಮುಂದಿನ ಸಲ ನಿಯಮ ತಿದ್ದೋವಾಗ 30 ದಿನದ, ನೆಟ್ ಇಲ್ಲದ ಒಂದು ಪ್ಯಾಕ್ ಕಡ್ಡಾಯ ಅಂತ ಸೇರಿಸಲಿ, ವರ್ಷದ ಪ್ಯಾಕ್‌ನ ಹನ್ನೆರಡನೇ ಒಂದು ಭಾಗಕ್ಕಿಂತ ತೀರಾ ಜಾಸ್ತಿ ಇರದ ಹಾಗೆ. 1849ನ್ನ ಹನ್ನೆರಡರಿಂದ ಭಾಗಿಸಿದ್ರೆ 154 ಬರುತ್ತೆ, 160 ಇಡಲಿ ಬೇಕಾದ್ರೆ. ರೀಚಾರ್ಜ್ ಮುಗಿಯೋ ಮೆಸೇಜು ಕನ್ನಡದಲ್ಲಿ ಬರಲಿ, ಕೀಪ್ಯಾಡ್ ಫೋನಲ್ಲಿ ಕನ್ನಡ ಅಕ್ಷರ ಬಾರದಿದ್ರೆ ಒಂದು ಕಾಲ್ ಮಾಡಿ ಕನ್ನಡದಲ್ಲಿ ಹೇಳಲಿ, ಜಾಹೀರಾತಿಗೆ ದಿನಕ್ಕೆ ಮೂರು ಸಲ ಕಾಲ್ ಮಾಡ್ತಾರಲ್ಲ, ಇದಕ್ಕೊಂದು ಮಾಡೋಕೆ ಏನು ಕಷ್ಟ.

ನಿಮ್ಮಿಂದ ಒಂದು ಸಹಾಯ ಆಗಬೇಕು ಸಂಪಾದಕರೇ. ದಿನಾ ಚಿನ್ನದ ರೇಟು, ಕೊಬ್ಬರಿ ರೇಟು ಹಾಕ್ತೀರಿ. ತಿಂಗಳಿಗೆ ಒಂದು ಸಲ, ಒಂದನೇ ತಾರೀಖು, ಯಾವ ಕಂಪನೀಲಿ ನೆಟ್ ಇಲ್ಲದ ಪ್ಯಾಕ್ ಎಷ್ಟು, ಎಷ್ಟು ದಿನ ಅಂತ ದಪ್ಪ ಅಕ್ಷರದಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿ. ನಮ್ಮೂರ ರೀಚಾರ್ಜ್ ಅಂಗಡಿಗೂ ನಿಮ್ಮ ಪೇಪರೇ ಬರೋದು, ಕತ್ತರಿಸಿ ಗಲ್ಲಾ ಪೆಟ್ಟಿಗೆ ಹತ್ರ ಅಂಟಿಸ್ತೀನಿ ಅಂತ ಆ ಹುಡುಗ ಒಪ್ಕೊಂಡಿದಾನೆ.

ಇಂತಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಓದುಗಿ, ಸದ್ಯ ಬೆಂಗಳೂರು